ವುಡ್ ಡಕ್ ಶಿಕಾರಿ: ಇಪ್ಪತ್ತು ನಿಮಿಷದ ಬೆಳಗು

ಅಜ್ಜನ ಮನೆಯ ಗೋಡೆಯಲ್ಲಿ ತೋಟಾಕೋವಿ ನೇತಾಡುತ್ತಿತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಮಳೆಗಾಲದ ರಾತ್ರಿಯ ಕತೆಯಾಗಿ ಮಾತ್ರ ಉಳಿದಿತ್ತು. ನಾನು ಮೊದಲ ಬಾತು ಹೊಡೆದದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಅದೂ ನಲವತ್ತು ದಾಟಿದ ಮೇಲೆ.

ಇಲ್ಲಿ 1973ರಿಂದೀಚೆಗೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮಾಡಬೇಕು. ಮೀಸೆ ಚಿಗುರದ ಹುಡುಗರ ಪಕ್ಕ ಕೂತು ಪರೀಕ್ಷೆ ಬರೆದೆ. ಆಮೇಲೆ ಲೈಸೆನ್ಸ್, ವಲಸೆ ಹಕ್ಕಿ ಬೇಟೆಯ ನೋಂದಣಿ, ಬಾತು ಬೇಟೆಗೆ ಕೊಳ್ಳಬೇಕಾದ ರಾಜ್ಯದ ಸ್ಟಾಂಪ್, ಕೇಂದ್ರ ಸರ್ಕಾರದ 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್. ಆ ದುಡ್ಡು ಜೌಗು ನೆಲ ಉಳಿಸೋಕೆ ಹೋಗುತ್ತದೆ, ಹಾಗಾಗಿ ಬೇಜಾರಿಲ್ಲ. ಸೀಸದ ಚರೆ ಕೂಡದು, ನಾನು ಉಕ್ಕಿನದು ಬಳಸುತ್ತೇನೆ. ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟ ಹಿಡಿಯಬಾರದು. ನಾನು ಹಿಂದೆ ಬಿದ್ದ ವುಡ್ ಡಕ್ ಎಂಬ ಕಾಡುಬಾತನ್ನು ದಿನಕ್ಕೆ ಮೂರೇ ಹೊಡೆಯಬಹುದು.

ಮೊದಲ ವರ್ಷ ಬಯಲು ಕೆರೆಯಲ್ಲಿ ಹಕ್ಕಿಗಳನ್ನು ಸೆಳೆಯೋಕೆ ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಟ್ಟು ಸುಮ್ನೆ ಚಳಿಯಲ್ಲಿ ನಡುಗಿದೆ. ವುಡ್ ಡಕ್‌ಗಳು ಅತ್ತ ತಿರುಗಿಯೂ ನೋಡಲಿಲ್ಲ. ಇದು ಮರದ ಪೊಟರೆಯಲ್ಲಿ ಮೊಟ್ಟೆಯಿಡುವ, ಓಕ್ ಕಾಯಿ ನುಂಗುವ ಬಾತು. ಬಯಲಲ್ಲಿ ಅದಕ್ಕೇನು ಕೆಲಸ? ಎರಡನೇ ವರ್ಷ ಕೋವಿ ಮನೆಯಲ್ಲಿಟ್ಟು, ಮಿಸ್ಸಿಸ್ಸಿಪ್ಪಿ ನದಿ ಬದಿಯ ನೀರು ನಿಂತ ಕಾಡಲ್ಲಿ ನಾಲ್ಕು ಸಂಜೆ ಅಲೆದೆ. ಒಂದು ಕಡೆ ನೀರಿಗೆ ಹಾಸಿದ್ದ ಹಸಿರು ಎಲೆಪದರದಲ್ಲಿ ಗೇಣಗಲದ ಕಪ್ಪು ದಾರಿಗಳು ಕಂಡವು. ಬಾತುಗಳು ಈಜಿದ ಗುರುತು. ಒಂದೆರಡು ಪುಕ್ಕ ಅಲ್ಲೇ ತೇಲುತ್ತಿದ್ದವು.

ಸೀಸನ್ ಶುರುವಾದಾಗ ಕತ್ತಲಲ್ಲೇ ಅಲ್ಲಿಗೆ ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಗುಂಡು ಹೊಡೆಯಬಹುದು. ಆದರೆ ಆ ಮಬ್ಬಿನಲ್ಲಿ ಗಂಡಿನ ಬಣ್ಣವೆಲ್ಲ ಬರೀ ಕಪ್ಪು. ಚೌಕ ಬಾಲ, ಎತ್ತಿದ ತಲೆ, ಹೆಣ್ಣಿನ 'ಊ-ಈಕ್' ಕೂಗು, ಇವನ್ನೇ ನಂಬಬೇಕು. ಗುರುತು ಸಿಗದಿದ್ದರೆ ನಾನು ಕೋವಿ ಎತ್ತುವುದಿಲ್ಲ. ಕೊಂಬೆಗಳ ನಡುವೆ ಸುಯ್ ಎಂದು ಜೋಡಿ ನುಗ್ಗಿತು. ಎರಡು ತೋಟ ಹಾಳು. ಮೂರನೆಯದಕ್ಕೆ ಒಂದು ಪೊದೆಯೊಳಗೆ ಬಿತ್ತು. ಸೊಂಟದ ಮಟ್ಟದ ನೀರಲ್ಲಿ ಅರ್ಧ ಗಂಟೆ ಹುಡುಕಿದೆ. ಅಷ್ಟರಲ್ಲಿ ಹಾರಾಟವೂ ಮುಗಿದಿತ್ತು. ಇಪ್ಪತ್ತು ನಿಮಿಷ, ಅಷ್ಟೇ.

ಯಾವ ಬಾತು ಎಂದು ಗೊತ್ತಾಗಲೆಂದು ಮನೆ ಮುಟ್ಟುವವರೆಗೆ ತಲೆ ಅಥವಾ ಒಂದು ರೆಕ್ಕೆ ಪುಕ್ಕದ ಸಮೇತ ಬಿಡಬೇಕು. ಹೆಂಡತಿ ಬಾಗಿಲಲ್ಲೇ ತಡೆದಳು: "ಅಡುಗೆಮನೆಗೆ ಬೇಡ ಮಾರಾಯ್ರೆ." ಗ್ಯಾರೇಜಿನಲ್ಲೇ ಪುಕ್ಕ ಕಿತ್ತೆ. ಕಾಳುಮೆಣಸು ಹಾಕಿ ಹುರಿದಾಗ ಮಾತ್ರ ಅವಳೇ ಎರಡನೇ ಸಲ ಬಡಿಸಿಕೊಂಡಳು.