ಹೊಸ ಡಾಕ್‌ಟೈಪ್ ಬೇಕಾ, ಒಂದು ಫೀಲ್ಡ್ ಸಾಕಾ: ಯೂನಿವರ್ಸಿಟಿ ಡೇಟಾಬೇಸ್ ಜೊತೆ ನನ್ನ ಅನುಭವ

ಅಡ್ಮಿಶನ್ ಜೋರಾಗಿ ನಡೀತಿದ್ದ ಒಂದು ಜುಲೈ ಬೆಳಿಗ್ಗೆ ಸ್ಟೂಡೆಂಟ್ ಫಾರ್ಮ್‌ಗೆ ಇನ್ನೊಂದೇ ಒಂದು ಫೀಲ್ಡ್ (ಮಾಹಿತಿ ತುಂಬೋ ಖಾನೆ) ಸೇರಿಸೋಣ ಅಂತ ಹೋದೆ, ಸೇವ್ ಆಗ್ಲೇ ಇಲ್ಲ. 'ರೋ ಸೈಜ್ ಟೂ ಲಾರ್ಜ್' ಅಂತ ಎರರ್, ಅಂದ್ರೆ ಟೇಬಲಿನ ಒಂದು ಸಾಲು ತುಂಬಾ ದೊಡ್ಡದಾಯ್ತು ಅಂತ. ಹೊರಗಡೆ ಕೌಂಟರಲ್ಲಿ ತಂದೆ ತಾಯಿಗಳು ಫೈಲ್ ಹಿಡ್ಕೊಂಡು ಕ್ಯೂ ನಿಂತಿದಾರೆ, ಒಳಗೆ ನಾನು ಈ ಎರರ್ ನೋಡ್ತಾ ಕೂತಿದೀನಿ.

ನಾವು ಬಳಸೋದು ಇಆರ್‌ಪಿನೆಕ್ಸ್ಟ್, ಸಂಸ್ಥೆಯ ದಾಖಲೆಗಳನ್ನೆಲ್ಲ ನೋಡ್ಕೊಳ್ಳೋಕೆ ಮುಂಬೈನವರು ಮಾಡಿರೋ ಓಪನ್ ಸೋರ್ಸ್ ಸಾಫ್ಟ್‌ವೇರ್, ಅದರ ಕೆಳಗಿರೋದು ಫ್ರಾಪೆ ಫ್ರೇಮ್‌ವರ್ಕ್. ಅದ್ರಲ್ಲಿ ಒಂದೊಂದು ಬಗೆಯ ದಾಖಲೆಗೂ ಡಾಕ್‌ಟೈಪ್ ಅಂತಾರೆ. ಸ್ಟೂಡೆಂಟ್ ಒಂದು ಡಾಕ್‌ಟೈಪ್, ಗಾರ್ಡಿಯನ್ ಒಂದು, ಪ್ರೋಗ್ರಾಮ್ ಎನ್‌ರೋಲ್‌ಮೆಂಟ್ ಒಂದು, ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಮರಿಯಾಡಿಬಿ ಅನ್ನೋ ಡೇಟಾಬೇಸಲ್ಲಿ ಒಂದೊಂದು ಟೇಬಲ್ ಇರುತ್ತೆ. ನೀವು ಒಂದು ಡೇಟಾ ಫೀಲ್ಡ್ ಹಾಕಿದ್ರೆ ಅದು ಟೇಬಲಲ್ಲಿ 140 ಅಕ್ಷರದ ತನಕ ಹಿಡಿಯೋ ವಾರ್‌ಕ್ಯಾರ್ ಕಾಲಂ ಆಗುತ್ತೆ, ಒಂದಕ್ಷರಕ್ಕೆ 4 ಬೈಟ್ ತನಕ ಲೆಕ್ಕ ಹಿಡಿಯೋದ್ರಿಂದ ಖಾಲಿ ಇದ್ರೂ ಒಂದು ಫೀಲ್ಡ್ ಅಂದ್ರೆ 560 ಬೈಟ್ ಲೆಕ್ಕಕ್ಕೆ ಬಂತು, ಒಂದು ಸಾಲಿನ ಮಿತಿ 65,535 ಬೈಟ್. ಭಾಗಿಸಿ ನೋಡಿ, ನೂರ ಹದಿನೈದರ ಹತ್ರ ಬರ್ತಿದ್ದ ಹಾಗೆ ಮುಗೀತು. ಕೆಲವು ಫೀಲ್ಡ್‌ಗಳನ್ನ ಸ್ಮಾಲ್ ಟೆಕ್ಸ್ಟ್ ಅನ್ನೋ ಬಗೆಗೆ ಬದಲಾಯಿಸಿದ್ರೆ ಸಾಲಿನ ಲೆಕ್ಕಕ್ಕೆ ತುಂಬಾ ಕಮ್ಮಿ ಬೈಟ್ ಬರುತ್ತೆ, ಎರರ್ ಹೋಗುತ್ತೆ, ಅವತ್ತು ನಾನೂ ಅದನ್ನೇ ಮಾಡಿ ಕೌಂಟರ್ ನಡೆಸಿದೆ. ಆದ್ರೆ ಒಬ್ಬ ವಿದ್ಯಾರ್ಥಿ ಬಗ್ಗೆ ನೂರಕ್ಕಿಂತ ಜಾಸ್ತಿ ಫೀಲ್ಡ್ ಯಾಕೆ ಬೇಕಾಯ್ತು ಅನ್ನೋದು ಮನಸ್ಸಲ್ಲೇ ಉಳೀತು.

ಸಂಜೆ ಫೀಲ್ಡ್‌ಗಳ ಪಟ್ಟಿ ಪ್ರಿಂಟ್ ತೆಗೆದು ನಮ್ಮ ಆಫೀಸ್ ಸೂಪರಿಂಟೆಂಡೆಂಟ್ ಮೇಡಂಗೆ ತೋರಿಸ್ದೆ, ಕಾಲೇಜು ಇನ್ನೂ ಯೂನಿವರ್ಸಿಟಿ ಆಗೋಕೆ ಮುಂಚಿನಿಂದ ಇದ್ದೋರು. ಹಾಸ್ಟೆಲ್ ರೂಮ್ ನಂಬರ್, ಬಸ್ ರೂಟ್, ಸ್ಕಾಲರ್‌ಶಿಪ್ ಸ್ಟೇಟಸ್, ಟಿಸಿ ನಂಬರ್, ಟಿಸಿ ತಾರೀಖು, ಡೂಪ್ಲಿಕೇಟ್ ಟಿಸಿ ತಾರೀಖು, ಎಲ್ಲಾ ಓದಿದ್ರು. ಓದಿ, "ಸರ್, ಇದಕ್ಕೆಲ್ಲ ನಮ್ಮತ್ರ ಬೇರೆ ಬೇರೆ ರಿಜಿಸ್ಟರೇ ಇತ್ತಲ್ಲ, ನೀವ್ಯಾಕೆ ಎಲ್ಲಾನೂ ಅಡ್ಮಿಶನ್ ರಿಜಿಸ್ಟರಲ್ಲೇ ಬರೀತಿದೀರಾ?" ಅಂದ್ರು.

ಆಮೇಲೆ ಬೀರು ತೆಗೆದು ತೋರಿಸಿದ್ರು. ಅಡ್ಮಿಶನ್ ರಿಜಿಸ್ಟರಲ್ಲಿ ಒಬ್ಬರಿಗೆ ಒಂದೇ ಸಾಲು. ಟಿಸಿ ರಿಜಿಸ್ಟರ್ ಬೇರೆ, ಅದಕ್ಕೆ ಅದರದೇ ಕ್ರಮಸಂಖ್ಯೆ, ಕೊಟ್ಟ ದಿನ, ತಗೊಂಡವರ ಸಹಿ. ಹಾಸ್ಟೆಲ್ ಪುಸ್ತಕ ವಾರ್ಡನ್ ಹತ್ರ, ಯಾವ ರೂಮಿಂದ ಯಾವ ರೂಮಿಗೆ ಯಾವತ್ತು ಹೋದ್ರು ಅಂತ ಹಳೆ ಸಾಲು ಹೊಡೆದುಹಾಕ್ದೆ ಕೆಳಗೆ ಹೊಸ ಸಾಲು ಬರೆದಿರೋದು. ಹಾಸ್ಟೆಲ್ ಅಲಾಟ್‌ಮೆಂಟ್ ಯಾಕೆ ಬೇರೆ ಡಾಕ್‌ಟೈಪ್ ಆಗ್ಬೇಕು ಅನ್ನೋದಕ್ಕೆ ನನಗೆ ಬೇಕಿದ್ದ ಉತ್ತರ ಆ ಪುಸ್ತಕದಲ್ಲೇ ಇತ್ತು: ಒಬ್ಬ ವಿದ್ಯಾರ್ಥಿಗೆ ಅದು ಮತ್ತೆ ಮತ್ತೆ ಆಗುತ್ತೆ, ಪ್ರತಿ ಸಲಕ್ಕೂ ಅದರದೇ ತಾರೀಖು ಇರುತ್ತೆ, ಸಹಿ ಹಾಕೋರು ಬೇರೆಯವರು. ಈ ಮೂರೂ ಸೇರಿದ್ರೆ ನಾನು ಈಗ ಜಾಸ್ತಿ ಯೋಚನೆ ಮಾಡಲ್ಲ, ಹೊಸ ಡಾಕ್‌ಟೈಪ್ ಮಾಡ್ತೀನಿ. ರಕ್ತದ ಗುಂಪು ತರದ್ದು, ಒಂದೇ ಸಲ ಬರೆದು ಬಿಡೋದು, ಫೀಲ್ಡ್ ಆಗೇ ಇರ್ಲಿ.

ಆದ್ರೆ ಬೀರುವಲ್ಲಿ ರಿಜಿಸ್ಟರ್ ಇಲ್ಲ ಅಂದ ಮಾತ್ರಕ್ಕೆ ಫೀಲ್ಡ್ ಸಾಕು ಅಂತಲೂ ಹೇಳೋಕಾಗಲ್ಲ, ಇದನ್ನ ಕಲಿತದ್ದು ಜಾತಿ ಆದಾಯ ಪ್ರಮಾಣಪತ್ರದ ವಿಷಯದಲ್ಲಿ. ನಾಡಕಚೇರಿಯಿಂದ ಬರೋ ಪ್ರಮಾಣಪತ್ರಕ್ಕೆ ಆರ್‌ಡಿ ನಂಬರ್ ಅಂತ ಒಂದು ಗುರುತಿನ ನಂಬರ್ ಇರುತ್ತೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋವಾಗ ಅದೇ ನಂಬರ್ ಕೇಳುತ್ತೆ. ಹಳೇ ಪದ್ಧತೀಲಿ ಜೆರಾಕ್ಸ್ ಪ್ರತಿನ ವಿದ್ಯಾರ್ಥಿ ಫೈಲಿಗೆ ಟ್ಯಾಗ್ ಮಾಡಿಬಿಡ್ತಿದ್ರು, ರಿಜಿಸ್ಟರ್ ಇರ್ಲಿಲ್ಲ, ಅದಕ್ಕೆ ನಾನು ಸ್ಟೂಡೆಂಟ್ ಫಾರ್ಮಲ್ಲಿ ಆರ್‌ಡಿ ನಂಬರ್ ಅಂತ ಒಂದು ಫೀಲ್ಡ್ ಹಾಕಿದ್ದೆ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇದೆ, ಮುಗಿದ ಮೇಲೆ ಮಕ್ಕಳು ಹೊಸದು ಮಾಡಿಸ್ಕೊಂಡು ಬರ್ತಾರೆ, ಗುಮಾಸ್ತರು ಹಳೇ ನಂಬರ್ ಅಳಿಸಿ ಹೊಸದು ಹಾಕ್ತಾರೆ. ಒಂದು ಹುಡುಗಿಗೆ 2ಎ ಮೀಸಲಾತಿ ಅಡಿ ಸೀಟು ಸಿಕ್ಕಿತ್ತು, ಎರಡು ವರ್ಷ ಆದ್ಮೇಲೆ ಅಡ್ಮಿಶನ್ ವೇಳೆ ಕೊಟ್ಟ ಪ್ರಮಾಣಪತ್ರ ಯಾವುದು ಅಂತ ಪರಿಶೀಲನೆಗೆ ಬಂತು, ನಮ್ಮ ಡೇಟಾಬೇಸಲ್ಲಿ ಹೊಸ ನಂಬರ್ ಮಾತ್ರ ಕಾಣುತ್ತೆ. ಆ ಫೀಲ್ಡ್‌ಗೆ ಬದಲಾವಣೆ ಟ್ರ್ಯಾಕ್ ಮಾಡೋದೂ ಆನ್ ಇರ್ಲಿಲ್ಲ. ಕಾಗದದ ಫೈಲ್ ಹುಡುಕೋಕೆ ಎರಡು ದಿನ ಹೋಯ್ತು, ಆ ಎರಡು ದಿನ ಆ ಹುಡುಗಿ ತಂದೆ ಆಫೀಸ್ ಬೆಂಚಲ್ಲಿ ಕೂತಿದ್ರು. ಫೈಲ್ ಸಿಕ್ತು, ಸೀಟಿಗೆ ಏನೂ ಆಗ್ಲಿಲ್ಲ, ಆದ್ರೂ ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಮೊದಲು ಇದನ್ನ ಚೈಲ್ಡ್ ಟೇಬಲ್ ಮಾಡ್ದೆ, ಅಂದ್ರೆ ಸ್ಟೂಡೆಂಟ್ ಫಾರ್ಮ್ ಒಳಗೇ ಒಂದು ಪಟ್ಟಿ, ಸಾಲು ಸೇರಿಸ್ತಾ ಹೋಗೋದು. ಒಂದು ಸೆಮಿಸ್ಟರ್ ಚೆನ್ನಾಗೇ ನಡೀತು. ಆಮೇಲೆ ಸ್ಕಾಲರ್‌ಶಿಪ್ ಅರ್ಜಿ ದಾಖಲೆಯಿಂದ 'ಈ ಅರ್ಜಿಗೆ ಈ ಪ್ರಮಾಣಪತ್ರ' ಅಂತ ಲಿಂಕ್ ಕೊಡಬೇಕಾಯ್ತು, ಚೈಲ್ಡ್ ಟೇಬಲ್ ಸಾಲಿಗೆ ಹಾಗೆ ನೆಟ್ಟಗೆ ಲಿಂಕ್ ಕೊಡೋಕಾಗಲ್ಲ, ಅದಕ್ಕೆ ಬೇರೆ ಪರ್ಮಿಶನ್ನೂ ಇಲ್ಲ, ಅದು ಕೂತಿರೋ ಸ್ಟೂಡೆಂಟ್ ಫಾರ್ಮಿನ ಪರ್ಮಿಶನ್ನೇ ಅದಕ್ಕೂ. ಆಗ ಸ್ವತಂತ್ರ ಡಾಕ್‌ಟೈಪ್ ಮಾಡಿ, ಇದ್ದ ಎರಡು ಸಾವಿರ ಚಿಲ್ಲರೆ ಸಾಲುಗಳನ್ನ ಸ್ಕ್ರಿಪ್ಟ್ ಬರೆದು ಸಾಗಿಸಿದೆ. ಬೇರೆ ದಾಖಲೆ ಇದರ ಕಡೆ ಬೆರಳು ತೋರಿಸ್ಬೇಕು ಅನ್ನೋ ಸೂಚನೆ ಸ್ವಲ್ಪ ಕಂಡ್ರೂ ಸಾಕು, ಈಗ ನಾನು ಚೈಲ್ಡ್ ಟೇಬಲ್ ಹತ್ರ ಹೋಗಲ್ಲ.

ಇನ್ನೊಂದು ಕಡೆಯ ತಪ್ಪೂ ಮಾಡಿದೀನಿ, ಅದು ಬೇಡದ ಕಡೆ ಡಾಕ್‌ಟೈಪ್ ಮಾಡೋದು. ಅಲಮ್ನೈ ಅಂತ ಬೇರೆ ಮಾಡಿ, ಪಾಸಾದವರ ಹೆಸರು, ಫೋನ್, ಇಮೇಲ್ ಎಲ್ಲಾ ಸ್ಟೂಡೆಂಟಿಂದ ಕಾಪಿ ಮಾಡ್ದೆ. ಅದೇ ಮನುಷ್ಯ ಎಂಕಾಂಗೆ ವಾಪಸ್ ಬಂದಾಗ ಒಂದು ಕಡೆ ಹೊಸ ಫೋನ್ ನಂಬರ್, ಇನ್ನೊಂದು ಕಡೆ ಹಳೇದು. ಪಾಸಾಗೋದು ಅದೇ ವ್ಯಕ್ತಿಯ ಸ್ಥಿತಿಯಲ್ಲಿ ಆದ ಬದಲಾವಣೆ, ಬೇರೆ ವ್ಯಕ್ತಿ ಅಲ್ಲ. ಅದನ್ನ ತೆಗೆದು ಹಾಕೋಕೆ, ಮಾಡೋದಕ್ಕಿಂತ ಹತ್ತು ಪಟ್ಟು ಸಮಯ ಹಿಡೀತು, ಯಾಕಂದ್ರೆ ಅಷ್ಟೊತ್ತಿಗೆ ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡೋ ಸಂಸ್ಥೆ) ರಿಪೋರ್ಟ್, ಇಮೇಲ್ ಪಟ್ಟಿ ಎಲ್ಲಾ ಅದರ ಮೇಲೇ ನಿಂತಿತ್ತು.

ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಾಗ್ಲೂ ಇದೇ ಒತ್ತಡ. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಶುರುವಾಯ್ತು, 2024-25ಕ್ಕೆ ಸರ್ಕಾರ ಮತ್ತೆ ಮೂರು ವರ್ಷಕ್ಕೆ ವಾಪಸ್ ತಂತು. ಒಂದು ಡಿಪಾರ್ಟ್‌ಮೆಂಟ್‌ನವರು ಬಂದು "ಎನ್‌ಇಪಿ ಸ್ಟೂಡೆಂಟ್ ಅಂತಾನೇ ಬೇರೆ ಮಾಡ್ಕೊಡಿ ಸರ್, ಕನ್ಫ್ಯೂಸ್ ಆಗಲ್ಲ" ಅಂದ್ರು. ನಾನು ಒಪ್ಪಲಿಲ್ಲ. ಸ್ಕೀಮ್ ಬದಲಾದ್ರೆ ಪ್ರೋಗ್ರಾಮ್ (ಕೋರ್ಸ್) ಅನ್ನೋ ಡಾಕ್‌ಟೈಪ್‌ನಲ್ಲಿ ಒಂದು ಹೊಸ ದಾಖಲೆ ಸೇರುತ್ತೆ, ದಾಖಲೆಯ ಬಗೆ ಬದಲಾಗಲ್ಲ. ಅವತ್ತು ಒಪ್ಕೊಂಡಿದ್ರೆ ಮೂರೇ ವರ್ಷಕ್ಕೆ ಇನ್ನೊಂದು ಮಾಡ್ಬೇಕಾಗ್ತಿತ್ತು, ಮೂರನೇ ವರ್ಷದಲ್ಲಿ ಬ್ಯಾಕ್‌ಲಾಗ್ ಇಟ್ಕೊಂಡ ಎನ್‌ಇಪಿ ಬ್ಯಾಚಿನ ಮಕ್ಕಳು ಎರಡರ ಮಧ್ಯೆ ಸಿಕ್ಕಿಹಾಕ್ಕೊಳ್ತಿದ್ರು.

ಯಾರು ನೋಡ್ಬಾರ್ದು ಅನ್ನೋ ಒಂದೇ ಕಾರಣಕ್ಕೆ ಮಾಡಿದ್ದು ಕೌನ್ಸೆಲಿಂಗ್ ದಾಖಲೆ. ಫೀಲ್ಡ್ ಮಟ್ಟದಲ್ಲಿ ಪರ್ಮ್ ಲೆವೆಲ್ (ಯಾರಿಗೆ ಆ ಫೀಲ್ಡ್ ಕಾಣ್ಬೇಕು ಅನ್ನೋ ಸೆಟ್ಟಿಂಗ್) ಇಟ್ಟು ಮುಚ್ಚಬಹುದು, ಆದ್ರೆ ಎಕ್ಸ್‌ಪೋರ್ಟ್, ಪ್ರಿಂಟ್, ರಿಪೋರ್ಟ್ ಎಲ್ಲಾ ಕಡೆ ಸರಿಯಾಗಿದೆಯಾ ಅಂತ ಪ್ರತಿ ಸಲ ನೋಡ್ತಾ ಇರ್ಬೇಕು. ಒಂದು ಮಗು ಕೌನ್ಸೆಲರ್ ಹತ್ರ ಅತ್ತುಕೊಂಡು ಹೇಳಿದ ಮಾತು ಫೀಸ್ ಕೌಂಟರಲ್ಲಿ ಕಾಣಿಸ್ಬಾರ್ದು. ಬೇರೆ ಡಾಕ್‌ಟೈಪ್, ಕೌನ್ಸೆಲರ್ ರೋಲ್‌ಗೆ ಮಾತ್ರ ಪರ್ಮಿಶನ್, ಇದ್ರಲ್ಲಿ ಚೌಕಾಸಿ ಇಲ್ಲ.

ಡಾಕ್‌ಟೈಪ್ ಮಾಡೋ ಜಾಗದ ಬಗ್ಗೆ ಒಂದು ಮಾತು. ಸ್ಕ್ರೀನಲ್ಲೇ ಕಸ್ಟಮ್ ಅಂತ ಟಿಕ್ ಹಾಕಿ ಮಾಡಿದ್ರೆ ಅದು ಡೇಟಾಬೇಸಲ್ಲಿ ಮಾತ್ರ ಇರುತ್ತೆ, ನಮ್ಮದೇ ಆಪ್ ಒಳಗೆ ಡೆವಲಪರ್ ಮೋಡಲ್ಲಿ ಮಾಡಿದ್ರೆ ಫೈಲ್ ಆಗಿ ಗಿಟ್‌ಗೆ (ಕೋಡ್ ಬದಲಾವಣೆಗಳ ದಾಖಲೆ ಇಡೋ ವ್ಯವಸ್ಥೆ) ಹೋಗುತ್ತೆ. ನಾನು ಎರಡನೇದನ್ನೇ ಮಾಡೋದು. 2022ರಲ್ಲಿ ಬಂದ 14ನೇ ವರ್ಷನ್‌ನಲ್ಲಿ ಎಜುಕೇಶನ್ ಮಾಡ್ಯೂಲ್‌ನ ಮುಖ್ಯ ಸಾಫ್ಟ್‌ವೇರಿಂದ ತೆಗೆದು ಬೇರೆ ಆಪ್ ಮಾಡಿದ್ರು, ನಮ್ಮವೆಲ್ಲ ನಮ್ಮ ಆಪಲ್ಲೇ ಇದ್ದಿದ್ರಿಂದ ಅಪ್‌ಗ್ರೇಡ್ ಒಂದು ವೀಕೆಂಡಲ್ಲಿ ಮುಗೀತು.

ಈಗ ಮುಂದಿರೋದು ಇಂಟರ್ನ್‌ಶಿಪ್. ಪ್ಲೇಸ್‌ಮೆಂಟ್ ಸೆಲ್‌ನವರು ಡಾಕ್‌ಟೈಪ್ ಕೇಳ್ತಿದಾರೆ, ನಾನು ಇನ್ನೂ ಮಾಡಿಲ್ಲ. ಹಿಂದೆ ಇಂಡಸ್ಟ್ರಿಯಲ್ ವಿಸಿಟ್‌ಗೆ ಅಂತ ಮಾಡಿಕೊಟ್ಟಿದ್ದೆ, ತುಂಬೋಕೆ ಯಾರು ಅಂತ ಗೊತ್ತು ಮಾಡಿರ್ಲಿಲ್ಲ, ಎರಡು ಸೆಮಿಸ್ಟರ್ ಖಾಲಿ ಬಿದ್ದಿತ್ತು, ಕೊನೆಗೆ ಡಿಲೀಟ್ ಮಾಡ್ದೆ. ಅದಕ್ಕೆ ಈ ಸಲ ಅವರ ಗೂಗಲ್ ಶೀಟಲ್ಲೇ ಶುರುವಾದ ದಿನ, ಗೈಡ್ ಹೆಸರು, ಒಪ್ಪಿಗೆ ಕೊಟ್ಟವರು ಅಂತ ಮೂರು ಕಾಲಂ ಸೇರಿಸಿ ಈ ಸೆಮಿಸ್ಟರ್ ಪೂರ್ತಿ ತುಂಬೋಕೆ ಹೇಳಿದೀನಿ. ನಿನ್ನೆ ತೆಗೆದು ನೋಡ್ದೆ, ಅರವತ್ತು ಸಾಲು ಆಗಿದೆ, ಮೂರು ಜನ ವಿದ್ಯಾರ್ಥಿಗಳದ್ದು ಎರಡೆರಡು ಸಲ ಬಂದಿದೆ, ಒಂದೇ ಕಂಪನಿ ಹೆಸರು ನಾಲ್ಕು ಥರ ಸ್ಪೆಲಿಂಗಲ್ಲಿದೆ. ಇಂಟರ್ನ್‌ಶಿಪ್ ಜೊತೆ ಕಂಪನಿಗೂ ಒಂದು ದಾಖಲೆ ಬೇಕಾಗುತ್ತೆ ಅನ್ಸುತ್ತೆ, ಪರೀಕ್ಷೆ ಮುಗಿದ ಮೇಲೆ ಅವರ ಜೊತೆ ಕೂತ್ಕೊಳ್ತೀನಿ.