ಚಳಿಗಾಲದ ಐಸ್ ರಿಂಕ್‌ಗೆ ಹೋಗ್ತೀರಾ? ಮೊದಲು ಬೀಳೋದು ಕಲಿಯಿರಿ

ನವೆಂಬರ್ ಅರ್ಧ ಕಳೆಯಿತೆಂದರೆ ಲಂಡನ್‌ನ ಸಾಮರ್‌ಸೆಟ್ ಹೌಸ್ ಅಂಗಳದಲ್ಲಿ, ಹೈಡ್ ಪಾರ್ಕಿನ ವಿಂಟರ್ ವಂಡರ್‌ಲ್ಯಾಂಡಿನಲ್ಲಿ ಐಸ್ ರಿಂಕ್, ಅಂದರೆ ಬ್ಲೇಡ್ ಇರುವ ಬೂಟು (ಸ್ಕೇಟ್ಸ್) ಹಾಕಿಕೊಂಡು ಜಾರುವ ಮಂಜುಗಡ್ಡೆಯ ಅಂಗಳ, ಶುರುವಾಗುತ್ತದೆ. ಜನವರಿಯಲ್ಲಿ ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ಅಮೆರಿಕದಲ್ಲಿರುವವರಿಗೆ ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಇದೆ, ಸ್ಯಾನ್ ಹೊಸೆಯಲ್ಲಿ ತಾಳೆಮರಗಳ ನಡುವೆ ಹಾಕುವ ರಿಂಕ್ ಇದೆ. ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಇಂಥ ಕಡೆ ಹೋಗುವುದು ನಮ್ಮವರಲ್ಲಿ ಈಗ ಮಾಮೂಲಾಗಿದೆ. ಖಂಡಿತ ಹೋಗಿ, ತುಂಬ ಖುಷಿಯಾಗುತ್ತದೆ. ಆದರೆ ವರ್ಷವಿಡೀ ನಡೆಯುವ ರಿಂಕ್‌ಗಿಂತ ಇಲ್ಲಿ ಮೊದಲ ಸಲ ಸ್ಕೇಟ್ಸ್ ಕಟ್ಟಿದವರೇ ಜಾಸ್ತಿ. ಅವರೆಲ್ಲ ಒಂದೇ ಹೊತ್ತಿಗೆ ಸಣ್ಣ ಜಾಗದಲ್ಲಿ ಇರುತ್ತಾರೆ. ಇಂಥ ರಿಂಕ್ ತೆರೆದ ದಿನಗಳಲ್ಲಿ ಹತ್ತಿರದ ಆಸ್ಪತ್ರೆಗೆ ಮೂಳೆ ಮುರಿದುಕೊಂಡು ಬರುವವರು ಹೆಚ್ಚಾಗುತ್ತಾರೆ ಎಂದು ಬ್ರಿಟನ್, ಐರ್ಲೆಂಡಿನ ವೈದ್ಯರು ಬರೆದಿದ್ದಾರೆ.

ಅದರಲ್ಲೂ ಪೆಟ್ಟು ತಿನ್ನುವುದು ಹೆಚ್ಚಾಗಿ ಮಣಿಕಟ್ಟು. ಕಾರಣ ಸರಳ. ಜಾರಿದ ತಕ್ಷಣ ಯಾರೇ ಆದರೂ ಕೈ ಚಾಚಿ ಊರುತ್ತಾರೆ. ಮೈಭಾರ ಪೂರ್ತಿ ಅಂಗೈ ಮೇಲೆ ಬಿದ್ದು, ಮಣಿಕಟ್ಟಿನ ಹತ್ತಿರದ ಮೂಳೆ ಮುರಿಯುತ್ತದೆ. ಹಾಗಾಗಿ ನಾನು ಹೊಸಬರಿಗೆ ಹೇಳುವುದು ಒಂದೇ ಮಾತು: ಜಾರುವುದನ್ನು ಆಮೇಲೆ ಕಲಿಯಿರಿ, ಬೀಳುವುದನ್ನು ಮನೆಯಲ್ಲೇ ಕಲಿತು ಹೋಗಿ.

ಕಾರ್ಪೆಟ್ ಮೇಲೆ ಅಥವಾ ಹಾಸಿಗೆ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಬಹುದು. ಮಂಡಿ ಬಗ್ಗಿಸಿ, ಕೆಳಗೆ ಕೂರುವ ಹಾಗೆ ಇಳಿಯಿರಿ, ಇಳಿಯುತ್ತಾ ಒಂದು ಪಕ್ಕಕ್ಕೆ ವಾಲಿ. ನೆಲಕ್ಕೆ ಮೊದಲು ತಾಗಬೇಕಾದ್ದು ತೊಡೆಯ ಪಕ್ಕ, ಆಮೇಲೆ ಸೊಂಟದ ಕೆಳಗಿನ ಮಾಂಸದ ಭಾಗ. ಕೈಗಳು ಮುಷ್ಟಿ ಕಟ್ಟಿ ಎದೆಯ ಹತ್ತಿರ ಇರಲಿ, ಹಿಂದಕ್ಕೆ ಮಾತ್ರ ಕೈ ಊರಬೇಡಿ. ಗದ್ದ ಎದೆಗೆ ತಾಗಿರಲಿ, ಆಗ ಹಿಂದಕ್ಕೆ ಬಿದ್ದರೂ ತಲೆ ಹಿಂಭಾಗ ಐಸಿಗೆ ಬಡಿಯುವ ಸಾಧ್ಯತೆ ಕಡಿಮೆ. ಮಕ್ಕಳಿಗೆ ಇದನ್ನು ಆಟವಾಗಿ ಹೇಳಿಕೊಡಿ, ಅವರು ನಮಗಿಂತ ಬೇಗ ಕಲಿಯುತ್ತಾರೆ. ರಿಂಕ್ ಮೇಲೆ ಬ್ಯಾಲೆನ್ಸ್ ತಪ್ಪುತ್ತಿದೆ ಅನ್ನಿಸಿದರೆ ನೆಟ್ಟಗೆ ನಿಲ್ಲಲು ಒದ್ದಾಡಬೇಡಿ. ಬಗ್ಗಿ, ಎರಡೂ ಕೈ ಮಂಡಿ ಮೇಲಿಡಿ. ಅಷ್ಟಕ್ಕೇ ಎಷ್ಟೋ ಸಲ ಬೀಳುವುದು ತಪ್ಪುತ್ತದೆ.

ಬಿದ್ದ ಮೇಲೆ ಅಲ್ಲೇ ಕುಳಿತು ನಗುತ್ತಾ ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದರೆ ನನಗೆ ಎದೆ ಧಸಕ್ ಎನ್ನುತ್ತದೆ. ಐಸ್ ಮೇಲೆ ಅಂಗೈ ಅಗಲಿಸಿ ಇಟ್ಟಿರುತ್ತಾರೆ, ಹಿಂದಿನಿಂದ ಬರುವವನಿಗೆ ನಿಲ್ಲಿಸಲು ಬರುವುದಿಲ್ಲ, ಅವನ ಬ್ಲೇಡ್ ಬೆರಳ ಮೇಲೆ ಹಾದರೆ ಕಥೆ ಮುಗೀತು. ಬಿದ್ದ ತಕ್ಷಣ ಕೈ ಒಳಕ್ಕೆ ಎಳೆದುಕೊಳ್ಳಿ. ಮಂಡಿಯೂರಿ, ಒಂದು ಪಾದ ಮುಂದಿಟ್ಟು, ಎರಡೂ ಕೈಯನ್ನು ಆ ಮಂಡಿ ಮೇಲೆ ಒತ್ತಿ ಎದ್ದುಬಿಡಿ. ಗೊತ್ತಿಲ್ಲದವರು ಎತ್ತಲು ಬಂದರೆ ಕೈ ಕೊಡಬೇಡಿ, ಇಬ್ಬರೂ ಬೀಳುತ್ತೀರಿ. ರಿಂಕ್‌ನ ಸಿಬ್ಬಂದಿ ಬಂದರೆ ಸರಿ.

ಇನ್ನು ಸ್ಕೇಟ್ಸ್. ಬಾಡಿಗೆ ಸ್ಕೇಟ್ಸ್ ಕೊಡುವ ಕಡೆ ಕ್ಯೂ ಇರುತ್ತದೆ, ಹಿಂದಿನವರು ಅವಸರ ಮಾಡುತ್ತಾರೆ, ಸಿಕ್ಕಿದ್ದು ಹಾಕಿಕೊಂಡು ಬಂದುಬಿಡುತ್ತೇವೆ ಅಲ್ವಾ? ಹಾಗೆ ಮಾಡಬೇಡಿ. ಎರಡು ದಪ್ಪ ಸಾಕ್ಸ್ ಹಾಕಿ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಆಗ ಪಾದ ಒಳಗೆ ಆಡುತ್ತದೆ, ಕಣಕಾಲು ಒಳಕ್ಕೆ ವಾಲುತ್ತದೆ. ಉದ್ದನೆಯ ಒಂದೇ ಜೊತೆ ಸಾಕ್ಸ್ ಸಾಕು. ಬೂಟಿನೊಳಗೆ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ ಆಮೇಲೆ ಲೇಸ್ ಬಿಗಿಯಿರಿ. ಬೆರಳುಗಳ ಕಡೆ ಸ್ವಲ್ಪ ಸಡಿಲ, ಪಾದದ ಮೇಲ್ಭಾಗದಿಂದ ಕಣಕಾಲಿನವರೆಗೆ ಗಟ್ಟಿಯಾಗಿ. ನಿಂತು ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಎದ್ದರೆ ಬದಲಾಯಿಸಿ ಅಂತ ಕೇಳಿ, ನಾಚಿಕೆ ಬೇಡ. ಹೆಣ್ಣುಮಕ್ಕಳು ಕಾಲುಂಗುರ, ಗೆಜ್ಜೆ ತೆಗೆದಿಟ್ಟು ಹೋಗಿ. ಬೂಟು ಬಿಗಿದಾಗ ಅದೇ ಜಾಗ ಒತ್ತಿ ನೋವಾಗುತ್ತದೆ, ನೋವು ತಾಳಲಾಗದೆ ಲೇಸ್ ಸಡಿಲ ಮಾಡಿಕೊಳ್ಳುತ್ತೀರಿ, ಅಲ್ಲಿಂದ ತೊಂದರೆ ಶುರು. ಕೈಬೆರಳ ಉಂಗುರ, ಗಾಜಿನ ಬಳೆ ಕೂಡ ಮನೆಯಲ್ಲೇ ಇರಲಿ.

ಬೆಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಕ್ಲಾಸಿಗೆ ಹೋಗಿದ್ದ ಮಕ್ಕಳಿಗೆ ಬ್ಯಾಲೆನ್ಸ್ ಬೇಗ ಬರುತ್ತದೆ. ಆದರೆ ನಿಲ್ಲಿಸುವುದು ಬೇರೆ ಥರ. ಫಿಗರ್ ಸ್ಕೇಟ್ಸ್ ಆದರೆ ಬ್ಲೇಡಿನ ಮುಂತುದಿಯಲ್ಲಿ ಗರಗಸದ ಹಾಗೆ ಹಲ್ಲು ಇರುತ್ತದೆ. ಅದು ಬ್ರೇಕ್ ಅಂದುಕೊಂಡು ಮುಂಗಾಲು ಊರಿದರೆ ಮುಗ್ಗರಿಸಿ ಮುಖ ಅಡಿಯಾಗಿ ಬೀಳುತ್ತಾರೆ. ಹೊಸಬರಿಗೆ ಸುಲಭದ ದಾರಿ: ಎರಡೂ ಮುಂಗಾಲು ಒಳಕ್ಕೆ ತಿರುಗಿಸಿ, ಹಿಮ್ಮಡಿಗಳನ್ನು ನಿಧಾನವಾಗಿ ಹೊರಕ್ಕೆ ತಳ್ಳುವುದು. ಮೊದಲ ಹತ್ತು ನಿಮಿಷ ಇದನ್ನೇ ಮಾಡಿಸಿ.

ಕೈಗವಸು ಎಲ್ಲರಿಗೂ ಬೇಕೇ ಬೇಕು, ಚಳಿ ಇಲ್ಲದಿದ್ದರೂ. ರೋಲರ್ ಸ್ಕೇಟಿಂಗ್‌ನವರು ಹಾಕುವ ಮಣಿಕಟ್ಟಿನ ಗಾರ್ಡ್ ಸಿಕ್ಕರೆ ಕೈಗವಸಿನ ಒಳಗೋ ಹೊರಗೋ ಹಾಕಿಕೊಳ್ಳಿ. ಮಕ್ಕಳಿಗೆ ಹೆಲ್ಮೆಟ್ ಹಾಕಿಸಿ. ಎಷ್ಟೋ ರಿಂಕ್‌ಗಳಲ್ಲಿ ಕೇಳಿದರೆ ಕೊಡುತ್ತಾರೆ, ಇಲ್ಲದಿದ್ದರೆ ಮನೆಯಿಂದ ತನ್ನಿ, ತಲೆಯ ಹಿಂಭಾಗ ಮುಚ್ಚುವಂಥದ್ದು ಒಳ್ಳೆಯದು. ದುಪಟ್ಟಾ, ಉದ್ದ ಮಫ್ಲರ್ ಕೋಟಿನೊಳಗೆ ಸೇರಿಸಿ. ಸೀರೆ, ಲೆಹೆಂಗಾ ಬೇಡ.

ಐಸ್ ಹೇಗಿದೆ ಅನ್ನುವುದನ್ನೂ ಒಮ್ಮೆ ನೋಡಿ. ಇಂಥ ರಿಂಕ್‌ನಲ್ಲಿ ನೆಲದ ಮೇಲೆ ಪೈಪುಗಳನ್ನು ಹಾಸಿ, ಅದರೊಳಗೆ ಸೊನ್ನೆಗಿಂತ ಕೆಳಗೆ ತಣ್ಣಗಾದ, ಹೆಪ್ಪುಗಟ್ಟದ ಗ್ಲೈಕಾಲ್ ದ್ರವ ಹರಿಸಿ, ಮೇಲೆ ನೀರು ಹಾಯಿಸಿ ಐಸ್ ಕಟ್ಟಿಸುತ್ತಾರೆ. ಡಿಸೆಂಬರ್‌ನಲ್ಲೂ ಲಂಡನ್‌ನಲ್ಲಿ ಹಗಲು 8–9 ಡಿಗ್ರಿ ಇರುವುದು ಸಾಮಾನ್ಯ. ಮಳೆ ಬಂದರೆ, ಬಿಸಿಲು ಬಿದ್ದರೆ ಮೇಲೆ ನೀರು ನಿಲ್ಲುತ್ತದೆ, ಬ್ಲೇಡುಗಳು ಕೊರೆದ ಗೀರು, ಗುಂಡಿ ಆ ನೀರಿನ ಅಡಿಯಲ್ಲಿ ಕಾಣುವುದಿಲ್ಲ. ಸೆಷನ್‌ಗಳ ನಡುವೆ ಐಸನ್ನು ನುಣ್ಣಗೆ ಮಾಡುತ್ತಾರಲ್ಲ, ಅದಾದ ಕೂಡಲೇ ಶುರುವಾಗುವ ಸೆಷನ್ ಬುಕ್ ಮಾಡಿ. ವಾರದ ನಡುವಿನ ಬೆಳಗ್ಗೆ ಜನ ಕಡಿಮೆ. ಶನಿವಾರ ಸಂಜೆ ಲೈಟಿಂಗ್ ಚೆಂದ ಅಂತ ಹೋದರೆ ಒಬ್ಬರ ಮೇಲೊಬ್ಬರು ಬೀಳುವಷ್ಟು ಜನ.

ಮಗುವನ್ನು ಎತ್ತಿಕೊಂಡು ಐಸ್ ಮೇಲೆ ಹೋಗಬೇಡಿ. ನೀವು ಜಾರಿದರೆ ನಿಮ್ಮ ಭಾರ ಮಗುವಿನ ಮೇಲೆ. ಮಕ್ಕಳು ಹಿಡಿದು ತಳ್ಳಿಕೊಂಡು ಹೋಗುವ ಪೆಂಗ್ವಿನ್ ಬೊಂಬೆ ಬಾಡಿಗೆಗೆ ಸಿಗುತ್ತದೆ, ಬೇಗ ಖಾಲಿಯಾಗುವುದರಿಂದ ಟಿಕೆಟ್ ಜೊತೆಗೇ ಬುಕ್ ಮಾಡಿ. ಐದಾರು ಜನ ಕೈ ಕೈ ಹಿಡಿದು ಸಾಲಾಗಿ ಹೋಗುವುದೂ ಬೇಡ, ಒಬ್ಬ ಜಾರಿದರೆ ಅಷ್ಟೂ ಜನ ಕೆಳಗೆ. ಎಲ್ಲರೂ ಸುತ್ತುವ ದಿಕ್ಕಿಗೇ ಸುತ್ತಿ. ಫೋನ್ ಜೇಬಿನಲ್ಲಿರಲಿ.

ಊರಿಂದ ಬಂದ ಅಮ್ಮ, ಅತ್ತೆಯನ್ನು ಬಲವಂತ ಮಾಡಬೇಡಿ. ಐವತ್ತು ದಾಟಿದ ಎಷ್ಟೋ ಹೆಂಗಸರ ಮೂಳೆ ಸವೆದಿರುತ್ತದೆ, ಸಣ್ಣಗೆ ಬಿದ್ದರೂ ಮಣಿಕಟ್ಟು ಮುರಿಯಬಹುದು. "ಬನ್ನಿ ಅತ್ತೆ, ಒಂದು ರೌಂಡ್ ಅಷ್ಟೇ" ಎಂದು ಎಳೆಯುವ ಸೊಸೆ ಪ್ರೀತಿಯಿಂದಲೇ ಎಳೆಯುತ್ತಾಳೆ. ಆದರೂ ಅವರು ಅಂಚಿನಲ್ಲಿ ಬಿಸಿ ಚಾಕಲೇಟ್ ಕುಡಿಯುತ್ತಾ ಮೊಮ್ಮಕ್ಕಳನ್ನು ನೋಡಲಿ ಬಿಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಂತೂ ಇಳಿಯಲೇಬಾರದು.

ಇಷ್ಟಾದರೂ ಪೆಟ್ಟಾದರೆ? ಮೊದಲು ರಿಂಕ್‌ನ ಫಸ್ಟ್ ಏಡ್‌ನವರನ್ನು ಕರೆಯಿರಿ. ಮಣಿಕಟ್ಟು ಸೊಟ್ಟಗಾಗಿ, ಊದಿಕೊಂಡರೆ ಕೈಯಲ್ಲಿರುವ ಉಂಗುರ, ಬಳೆ ತಕ್ಷಣ ತೆಗೆಯಿರಿ, ಬಾವು ಹೆಚ್ಚಾದರೆ ಉಂಗುರ, ಬಳೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಮಫ್ಲರ್‌ನಿಂದ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಎಳೆದು ನೆಟ್ಟಗೆ ಮಾಡುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಬೆರಳು ಕುಯ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ಬೆರಳು ಮಡಚಲು ಬಾರದಿದ್ದರೆ, ಸ್ಪರ್ಶ ಗೊತ್ತಾಗದಿದ್ದರೆ ನರ ಅಥವಾ ಸ್ನಾಯುರಜ್ಜು ಕತ್ತರಿಸಿರಬಹುದು, ಆಸ್ಪತ್ರೆಗೇ ಹೋಗಬೇಕು.

ತಲೆಗೆ ಪೆಟ್ಟಾದವರು ಆ ದಿನ ಮತ್ತೆ ಐಸಿಗೆ ಇಳಿಯಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು, ಮಾತು ತೊದಲುವುದು, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಬಂದರೆ ಬ್ರಿಟನ್‌ನಲ್ಲಿ 999ಕ್ಕೆ, ಅಮೆರಿಕ, ಕೆನಡಾದಲ್ಲಿ 911ಕ್ಕೆ ಕರೆ ಮಾಡಿ. ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರಿಗೆ ಈ ಲಕ್ಷಣಗಳು ಇಲ್ಲದಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು. ಬ್ರಿಟನ್‌ನಲ್ಲಿ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ 111ಕ್ಕೆ ಕರೆ ಮಾಡಿ ಕೇಳಬಹುದು. ಊರಿಂದ ಬಂದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ (ಎ ಅಂಡ್ ಇ) ನೋಡುವುದು ಉಚಿತ, ಆದರೆ ವಾರ್ಡಿಗೆ ಸೇರಿಸಿದರೆ ಬಿಲ್ ಬರಬಹುದು. ಅವರ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಐಸ್ ಸ್ಕೇಟಿಂಗ್ ಸೇರಿದೆಯಾ ಎಂದು ಟಿಕೆಟ್ ಬುಕ್ ಮಾಡುವ ಮೊದಲೇ ನೋಡಿ.

ಕೊನೆಗೆ ಹೆಬ್ಬೆರಳ ಬುಡದ ನೋವು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮಣಿಕಟ್ಟಿನ ಹತ್ತಿರ ಒಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಸ್ಕ್ಯಾಫಾಯ್ಡ್ ಎಂಬ ಚಿಕ್ಕ ಮೂಳೆ ಮುರಿದಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದುಂಟು. ಉಳುಕಿದೆ ಅಂತ ಸುಮ್ನೆ ಬಿಟ್ಟರೆ ಮೂಳೆ ಕೂಡದೆ ವರ್ಷಗಟ್ಟಲೆ ಕಾಡಬಹುದು. ಅಲ್ಲಿ ನೋವಿದೆ ಎಂದು ವೈದ್ಯರಿಗೆ ಬೆರಳಿಟ್ಟು ತೋರಿಸಿ, ಪಟ್ಟಿ ಹಾಕಿದರೆ ತೆಗೆಯಬೇಡಿ, 10–14 ದಿನಕ್ಕೆ ಮತ್ತೆ ಬನ್ನಿ ಎಂದರೆ ನೋವು ಕಡಿಮೆಯಾಗಿದ್ದರೂ ಹೋಗಿ ಬನ್ನಿ.