ಕಚೇರಿಯ ಕಾಫಿ–ಟೀ ಖರ್ಚು: ತಲೆ ಲೆಕ್ಕ ಬಿಟ್ಟು ಗೀಟಿನ ಲೆಕ್ಕಕ್ಕೆ ಬನ್ನಿ

ಮೈಸೂರು, ಮಂಡ್ಯದ ಕಚೇರಿಗಳಲ್ಲಿ ಹತ್ತು ಹನ್ನೆರಡು ಜನ ಸೇರಿ ಕಾಫಿ–ಟೀ ಮಾಡಿಸಿಕೊಳ್ಳುವ ಕಡೆ ಸಾಮಾನ್ಯವಾಗಿ ತಿಂಗಳ ಖರ್ಚನ್ನು ತಲೆಗಿಷ್ಟು ಎಂದು ಹಂಚುತ್ತಾರೆ. ಲೆಕ್ಕ ಸುಲಭ, ಆದರೆ ನ್ಯಾಯವಲ್ಲ. ಒಂದು ಲೋಟ ಫಿಲ್ಟರ್ ಕಾಫಿಗೆ ತಗಲುವ ಖರ್ಚು ಟೀಗೆ ತಗಲುವುದರ ಎರಡರಷ್ಟು. ಟೀ ಕುಡಿಯುವವರು ಕೆಲವು ತಿಂಗಳು ಸುಮ್ಮನೆ ಕೊಡುತ್ತಾರೆ, ಆಮೇಲೆ ‘ನಂಗೆ ನಾಳೆಯಿಂದ ಬೇಡ ಬಿಡಿ’ ಅನ್ನುತ್ತಾರೆ. ಅವರ ಹಿಂದೆ ಇನ್ನಿಬ್ಬರು ಹೋದರೆ ಉಳಿದವರ ಪಾಲು ಏರುತ್ತದೆ, ಗುಂಪೇ ಒಡೆಯುತ್ತದೆ. ಹಂಚಬೇಕಾದ್ದು ಲೋಟದ ಮೇಲೆ. ಹನ್ನೆರಡು ಜನರ ಕಚೇರಿಯೊಂದನ್ನು ಉದಾಹರಣೆಗೆ ಹಿಡಿದು ಅದನ್ನು ಇಲ್ಲಿ ವಿವರಿಸಿದ್ದೇವೆ.

ಒಂದು ಲೋಟಕ್ಕೆ ಎಷ್ಟು ಬೀಳುತ್ತದೆ?

ಮೊದಲು ಎಲ್ಲರಿಗೂ ಒಂದೇ ಅಳತೆಯ ಲೋಟ ಗೊತ್ತುಮಾಡಿ. 100 ಮಿ.ಲೀ. ಹಿಡಿಯುವ ಸ್ಟೀಲ್ ಲೋಟ ಸಾಕು. ಒಬ್ಬರು ಮನೆಯಿಂದ ದೊಡ್ಡ ಪಿಂಗಾಣಿ ಮಗ್ ತಂದರೆ ಅದರಲ್ಲಿ ಎರಡು ಲೋಟ ಹಿಡಿಯುತ್ತದೆ. ಅದಕ್ಕೆ ಎರಡು ಲೋಟದ ಲೆಕ್ಕವೇ ಹಾಕಬೇಕು.

ಕಾಫಿಗೆ 75 ಮಿ.ಲೀ. ಹಾಲು, 25 ಮಿ.ಲೀ. ಡಿಕಾಕ್ಷನ್. ಫಿಲ್ಟರಿನಲ್ಲಿ 50 ಗ್ರಾಂ ಪುಡಿಗೆ 300 ಮಿ.ಲೀ. ಕುದಿವ ನೀರು ಹಾಕಿದರೆ ಪುಡಿ ಹೀರಿಕೊಂಡದ್ದು ಹೋಗಿ ಕೆಳಗಿಳಿಯುವುದು ಸುಮಾರು 200 ಮಿ.ಲೀ., ಎಂದರೆ ಎಂಟು ಲೋಟದ ಡಿಕಾಕ್ಷನ್. ಲೋಟಕ್ಕೆ ಆರೂಕಾಲು ಗ್ರಾಂ ಪುಡಿ ಆಯಿತು. ಟೀಗೆ 60 ಮಿ.ಲೀ. ಹಾಲು, ಅಷ್ಟೇ ನೀರು, ಎರಡೂವರೆ ಗ್ರಾಂ ಪುಡಿ. ಕುದಿದು ಇಂಗಿದ ಮೇಲೆ ಒಂದು ಲೋಟವಾಗುತ್ತದೆ. ಎರಡಕ್ಕೂ ಸಕ್ಕರೆ ಸುಮಾರು 8 ಗ್ರಾಂ.

ಲೆಕ್ಕಕ್ಕೆಂದು ಹಾಲು ಲೀಟರಿಗೆ 50 ರೂ., ಕಾಫಿಪುಡಿ ಕಿಲೋಗೆ 800 ರೂ., ಟೀ ಪುಡಿ 500 ರೂ., ಸಕ್ಕರೆ 50 ರೂ. ಎಂದಿಟ್ಟುಕೊಳ್ಳಿ. ಕಾಫಿಗೆ ಪುಡಿ 5 ರೂ., ಹಾಲು 3.75, ಸಕ್ಕರೆ 40 ಪೈಸೆ, ಒಟ್ಟು 9.15. ಟೀಗೆ ಪುಡಿ 1.25, ಹಾಲು 3 ರೂ., ಸಕ್ಕರೆ 40 ಪೈಸೆ, ಒಟ್ಟು 4.65. ಚೆಲ್ಲುವುದು, ಉಕ್ಕುವುದು, ಮಿಕ್ಕಿ ಕೆಡುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಕಾಫಿ 10 ರೂ., ಟೀ 5 ರೂ.

ನಿಮ್ಮ ಕಚೇರಿಯ ನಿಜವಾದ ಬೆಲೆ ಹಾಕಿ ಇದನ್ನು ಒಮ್ಮೆ ಕೂತು ಮಾಡಿ. ನೀರು ಬೆರೆಸದೆ ಬರೀ ಹಾಲಿನಲ್ಲಿ ಟೀ ಮಾಡುವುದಾದರೆ ಲೋಟಕ್ಕೆ 7 ರೂ. ದಾಟುತ್ತದೆ, ಆಗ ಕಾಫಿಗೂ ಟೀಗೂ ಅಂತರ ಇಷ್ಟಿರುವುದಿಲ್ಲ.

ಗೀಟು ಹಾಕುವ ಹಾಳೆ

ಮೇಲಿನ ಲೆಕ್ಕದ ಪ್ರಕಾರ ಒಂದು ಟೀಗೆ ಒಂದು ಗೀಟು, ಒಂದು ಕಾಫಿಗೆ ಎರಡು ಗೀಟು. ಒಂದು ಕಾಫಿಯನ್ನು ಬೈಟು ಮಾಡಿಕೊಂಡರೆ ಇಬ್ಬರಿಗೂ ಒಂದೊಂದು. ಸಕ್ಕರೆ ಬಿಟ್ಟವರಿಗೆ ರಿಯಾಯಿತಿ ಬೇಡ, ಉಳಿಯುವುದು 40 ಪೈಸೆ ಮಾತ್ರ.

ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಸಾಲು, ದಿನಕ್ಕೊಂದು ಮನೆ. ಕೊನೆಯಲ್ಲಿ ‘ಸಾಮಾನ್ಯ’ ಎಂಬ ಸಾಲು ಇರಲಿ. ಬಂದವರಿಗೆ ಕೊಟ್ಟ ಟೀ, ಮಾಡಿಕೊಡುವವರು ಕುಡಿದದ್ದು ಅಲ್ಲಿಗೆ. ಸಾಹೇಬರ ಹೆಸರಿಗೂ ಸಾಲು ಇರಲೇಬೇಕು. ಅವರ ಕಾಫಿ ಯಾರ ಲೆಕ್ಕಕ್ಕೂ ಸೇರದೆ ಉಳಿದರೆ ಅದನ್ನು ಕಡಿಮೆ ಸಂಬಳದವರೂ ಸೇರಿ ತುಂಬಿದಂತಾಗುತ್ತದೆ, ಆದರೆ ಎದುರಿಗೆ ಯಾರೂ ಹೇಳುವುದಿಲ್ಲ.

ಹಾಳೆಯನ್ನು ಫಿಲ್ಟರ್ ಇಡುವ ಜಾಗದ ಪಕ್ಕದ ಗೋಡೆಗೇ ಅಂಟಿಸಿ, ಪೆನ್ನನ್ನು ದಾರದಲ್ಲಿ ಕಟ್ಟಿ. ಲೋಟ ಎತ್ತಿಕೊಳ್ಳುವ ಮೊದಲೇ ಗೀಟು ಬೀಳಬೇಕು. ಶನಿವಾರ ನೆನಪಿನಿಂದ ಹಾಕಿಕೊಳ್ಳೋಣ ಎಂದರೆ ಕೆಲವು ಲೋಟ ಹಾಳೆಗೆ ಬರುವುದೇ ಇಲ್ಲ, ಅದರ ದುಡ್ಡು ಗೀಟು ಹಾಕಿದವರ ಮೇಲೆ ಬೀಳುತ್ತದೆ. ಪರೀಕ್ಷಿಸುವ ದಾರಿ ಇದೆ: ಒಂದು ಕಿಲೋ ಪುಡಿಗೆ 160 ಕಾಫಿ ಆಗಬೇಕು. ಹಾಳೆಯಲ್ಲಿ 120 ಮಾತ್ರ ಸಿಕ್ಕಿದರೆ ಗೀಟು ತಪ್ಪಿದೆ, ಇಲ್ಲವೇ ಡಿಕಾಕ್ಷನ್ ಅಳತೆ ಮೀರಿ ಗಟ್ಟಿಯಾಗಿದೆ.

ರಂಜಾನ್ ಉಪವಾಸ, ಶ್ರಾವಣ ಸೋಮವಾರ, ಡಾಕ್ಟರು ಕಾಫಿ ಬಿಡಿಸಿದ್ದು, ಯಾವುದಕ್ಕೂ ಬೇರೆ ನಿಯಮ ಬೇಕಿಲ್ಲ. ಕುಡಿಯದಿದ್ದರೆ ಗೀಟಿಲ್ಲ.

ಇಡುಗಂಟು ಮತ್ತು ಸ್ಥಿರ ಖರ್ಚು

ಒಬ್ಬರು ಕೈಯಿಂದ ಹಾಕಿ ಆಮೇಲೆ ಎಲ್ಲರ ಹತ್ತಿರ ಕೇಳುತ್ತ ತಿರುಗುವ ಪದ್ಧತಿ ಬೇಡವೇ ಬೇಡ. ಸ್ನೇಹ ಕೆಡುವುದು ಅಲ್ಲಿಯೇ. ಶುರುವಿನಲ್ಲಿ ತಲೆಗೆ 500 ರೂ. ಇಡುಗಂಟು ತೆಗೆದುಕೊಂಡರೆ 6,000 ರೂ. ಆಗುತ್ತದೆ, ಒಂದು ತಿಂಗಳ ಖರ್ಚಿಗೆ ಸಾಕು. ತಿಂಗಳ ಕೊನೆಗೆ ಎಲ್ಲರೂ ತಮ್ಮ ಬಾಕಿ ಕಟ್ಟಿದಾಗ, ಡಬ್ಬಿಯಲ್ಲಿ ಉಳಿದ ಪುಡಿ, ಸಕ್ಕರೆಯ ಬೆಲೆಯೂ ಸೇರಿ ಗಂಟು ಮತ್ತೆ 6,000ಕ್ಕೆ ಬರಬೇಕು. ಬರದಿದ್ದರೆ ಯಾರದೋ ಬಾಕಿ ಉಳಿದಿದೆ. ಫಿಲ್ಟರ್, ಪಾತ್ರೆ, ಇಂಡಕ್ಷನ್ ಒಲೆಗೆ ಹಾಕಿದ ಹಣ ಇದಕ್ಕೆ ಸೇರುವುದಿಲ್ಲ. ಅದು ಒಂದು ಸಲದ ವಂತಿಗೆ, ವಾಪಸ್ ಕೊಡುವಂಥದ್ದಲ್ಲ.

ಒಲೆಯ ವಿಷಯ ಬಂದದ್ದರಿಂದ ಒಂದು ಮಾತು: ಮನೆ ಬಳಕೆಯ 14.2 ಕಿಲೋ ಸಿಲಿಂಡರ್ ಕಚೇರಿಗೆ ತರುವುದು ನಿಯಮಕ್ಕೆ ವಿರುದ್ಧ. ಇಂಡಕ್ಷನ್ ಒಲೆಗೆ ಮೊದಲು ಅನುಮತಿ ಪಡೆಯಿರಿ, 15 ಆಂಪಿಯರ್ ಸಾಕೆಟ್‌ಗೆ ಹಾಕಿ. ಕಂಪ್ಯೂಟರಿನ ಯುಪಿಎಸ್ ಸಾಲಿಗೆ ಚುಚ್ಚಿದರೆ ಹೊರೆ ತಾಳದೆ ಯುಪಿಎಸ್ ಕೈಕೊಡುತ್ತದೆ.

ಕಾಫಿ ಮಾಡಿ, ಲೋಟ ತೊಳೆದು ಕೊಡುವ ಅಕ್ಕನಿಗೋ ಅಣ್ಣನಿಗೋ ತಿಂಗಳಿಗಿಷ್ಟು ಎಂದು ಕೊಡಲೇಬೇಕು. ಅದು ಅವರ ನೌಕರಿಯ ಕೆಲಸಕ್ಕೆ ಸೇರಿದ್ದಲ್ಲ. ಹಬ್ಬಕ್ಕೆ ಕೊಡುವ ಇನಾಮಿನಲ್ಲಿ ಮುಗಿಸುವುದು ತಪ್ಪು. ಈ ಸಂಬಳ, ಸೋಪು, ಬಟ್ಟೆ ಮತ್ತು ‘ಸಾಮಾನ್ಯ’ ಸಾಲಿನ ಗೀಟು, ಇವಿಷ್ಟೇ ತಲೆ ಎಣಿಸಿ ಹಂಚುವ ಖರ್ಚು. ನಾಲ್ಕು ದಿನ ರಜೆ ಹಾಕಿದವರೂ ಇದನ್ನು ಕೊಡಬೇಕು, ಅವರ ರಜೆಯಿಂದ ಸಂಬಳ ಕಡಿಮೆಯಾಗುವುದಿಲ್ಲವಲ್ಲ. ಇಡೀ ತಿಂಗಳು ರಜೆಯಲ್ಲಿದ್ದವರನ್ನು ಬಿಡಿ.

ತಿಂಗಳ ಲೆಕ್ಕ

23 ಕೆಲಸದ ದಿನ. ಏಳು ಜನ ಕಾಫಿಯವರು ಒಟ್ಟು 290 ಕಾಫಿ ಕುಡಿದರು: 580 ಗೀಟು. ಐದು ಜನ ಟೀಯವರದು 210 ಗೀಟು. ಸಾಮಾನ್ಯ 60. ಒಟ್ಟು 850. ಹಾಲು, ಪುಡಿ, ಸಕ್ಕರೆಗೆ ಖರ್ಚಾದದ್ದು 4,250 ರೂ. ಭಾಗಿಸಿದರೆ ಗೀಟಿಗೆ 5 ರೂ.

ಸಂಬಳ 1,200, ಸೋಪು ಇತ್ಯಾದಿ 180, ಸಾಮಾನ್ಯ ಗೀಟು 300, ಒಟ್ಟು 1,680. ತಲೆಗೆ 140 ರೂ. 42 ಕಾಫಿ ಕುಡಿದವರಿಗೆ 84 ಗೀಟಿಗೆ 420, ಜೊತೆಗೆ 140, ಎಂದರೆ 560 ರೂ. 42 ಟೀ ಕುಡಿದವರಿಗೆ 350 ರೂ. ಹತ್ತು ದಿನ ರಜೆ ಹಾಕಿ 24 ಟೀ ಕುಡಿದವರಿಗೆ 260 ರೂ. ಇದೇ ಖರ್ಚನ್ನು ತಲೆಗೆ ಹಂಚಿದ್ದರೆ ಮೂವರೂ 469 ರೂ. ಕೊಡಬೇಕಿತ್ತು.

ಗೀಟಿನ ಬೆಲೆಯನ್ನು ಮೊದಲೇ 5 ರೂ. ಎಂದು ಕಟ್ಟಿಹಾಕಬೇಡಿ. ಹಾಲಿನ ದರ ಏರಿದ ತಿಂಗಳು ಅದು ತಾನೇ ಏರಲಿ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಉಳಿದ ಪುಡಿ, ಸಕ್ಕರೆಯನ್ನು ತೂಗಿ, ಅದರ ಬೆಲೆಯನ್ನು ಈ ತಿಂಗಳ ಖರ್ಚಿನಿಂದ ಕಳೆದು ಮುಂದಿನದಕ್ಕೆ ಒಯ್ಯಿರಿ. ಇದನ್ನು ಮರೆತರೆ ಒಂದು ತಿಂಗಳು ಗೀಟಿಗೆ 6 ರೂ., ಇನ್ನೊಂದು ತಿಂಗಳು 4 ರೂ. ಬಂದು ಎಲ್ಲರಿಗೂ ಅನುಮಾನ ಹುಟ್ಟುತ್ತದೆ.

ಹಾಲು, ಪುಡಿ, ಬೆಲ್ಲ

ಈ ಗುಂಪಿಗೆ ದಿನಕ್ಕೆ ಸರಾಸರಿ 1,650 ಮಿ.ಲೀ. ಹಾಲು ಬೇಕು. ದಿನಾ ನಾಲ್ಕು ಅರ್ಧ ಲೀಟರ್ ಪ್ಯಾಕೆಟ್ ತಂದರೆ 350 ಮಿ.ಲೀ. ಮಿಗುತ್ತದೆ. ಫ್ರಿಜ್ ಇದ್ದರೆ ಒಂದು ದಿನ ನಾಲ್ಕು, ಮಾರನೇ ದಿನ ಮೂರು ತನ್ನಿ. ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆಯದು, ಮಧ್ಯಾಹ್ನದ್ದು ಬೇರೆ ಬೇರೆಯಾಗಿ ಹತ್ತಿರದ ನಂದಿನಿ ಪಾರ್ಲರಿನಿಂದ ತರಿಸಿ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಬೆಳಗಿನ ಹಾಲು ಮಧ್ಯಾಹ್ನ ಒಡೆಯುವುದು ಹೆಚ್ಚು.

ಕಾಫಿಪುಡಿ ತಿಂಗಳಿಗೆ 1.8 ಕಿಲೋ ಬೇಕಾದರೂ ಒಟ್ಟಿಗೆ ತರಬೇಡಿ. ವಾರಕ್ಕೆ ಅರ್ಧ ಕಿಲೋ, ಎದುರಿಗೇ ಬೀಸಿ ಕೊಡುವ ಅಂಗಡಿಯಿಂದ ತಂದು ಗಾಳಿಯಾಡದ ಡಬ್ಬಿಗೆ ಹಾಕಿ. ಚಿಕೋರಿ ಎಷ್ಟಿರಬೇಕೆಂದು ಮೊದಲ ದಿನವೇ ಒಪ್ಪಿಕೊಳ್ಳಿ. ಚಿಕೋರಿ ಜಾಸ್ತಿಯಾದಷ್ಟೂ ಬಣ್ಣ ಬರುತ್ತದೆ, ಬೆಲೆ ಇಳಿಯುತ್ತದೆ, ಘಮ ಹೋಗುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ನಮೂದಿಸಿರಬೇಕು. ನಮ್ಮ ಸಲಹೆ 80:20.

ಮಂಡ್ಯದ ಕಡೆ ಬೆಲ್ಲದ ಟೀ ಕೇಳುವವರು ಇದ್ದೇ ಇರುತ್ತಾರೆ. ಕುದಿವ ಹಾಲಿಗೆ ಬೆಲ್ಲ ಹಾಕಿದರೆ ಅದರ ಹುಳಿ ಅಂಶಕ್ಕೆ ಇಡೀ ಪಾತ್ರೆ ಒಡೆಯಬಹುದು. ಪುಡಿ ಮಾಡಿದ ಬೆಲ್ಲ ಪಕ್ಕದಲ್ಲಿಟ್ಟು, ಒಲೆಯಿಂದ ಇಳಿಸಿದ ಟೀಗೆ ಲೋಟದಲ್ಲೇ ಬೆರೆಸಿಕೊಳ್ಳಲಿ.

ಹೋಟೆಲ್‌ನಿಂದ ಫ್ಲಾಸ್ಕ್‌ನಲ್ಲಿ ತರಿಸುವ ಕಚೇರಿಗಳಿಗೂ ಗೀಟು ನಡೆಯುತ್ತದೆ. ಅಲ್ಲಿ ನೋಡಬೇಕಾದ್ದು ಒಂದೇ: ಹತ್ತು ಟೀ ಎಂದು ದುಡ್ಡು ತೆಗೆದುಕೊಂಡು ಎಷ್ಟು ತುಂಬುತ್ತಾರೆ ಎಂದು ಒಮ್ಮೆ ಅಳೆಯಿರಿ.

ಲೆಕ್ಕ ಒಪ್ಪಿಸುವುದು

ಲೆಕ್ಕ ಬರೆಯುವವರು ಮೂರು ತಿಂಗಳಿಗೊಮ್ಮೆ ಬದಲಾಗಲಿ. ಯುಪಿಐಯಲ್ಲಿ ಬಂದ ಹಣ ಅವರ ಸ್ವಂತ ಖಾತೆಯಲ್ಲಿ ಬೆರೆಯುವುದರಿಂದ ಜಮಾ ಆದ ದಿನವೇ ಪುಸ್ತಕಕ್ಕೆ ಏರಿಸಬೇಕು, ಬಿಲ್ಲಿನ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ಬದಲಾಗುವ ದಿನ ಇಬ್ಬರೂ ಕೂತು ಹಣ ಎಣಿಸಿ, ಪುಡಿ ತೂಗಿ, ಪುಸ್ತಕದಲ್ಲಿ ಸಹಿ ಹಾಕಿ. ಯಾರಿಗಾದರೂ ವರ್ಗಾವಣೆಯಾದರೆ ಅಲ್ಲಿಯವರೆಗಿನ ಗೀಟಿನ ಬಾಕಿ ಕಳೆದು ಉಳಿದ ಇಡುಗಂಟನ್ನು ಬಿಡುಗಡೆಯ ದಿನವೇ ಕೈಗೆ ಕೊಡಿ. ಅವರ ಜಾಗಕ್ಕೆ ಬಂದವರಿಂದ 500 ರೂ. ಪಡೆಯಿರಿ.